ಮುಟ್ಟಿ ನೋಡುವವರಿಲ್ಲ

ಮೈಸೂರಿನ ಬೀದಿಗಳಿಗೆ ಹೊಸದಾಗಿ ಕರೆಂಟು ದೀಪ ಬಂದ ಕಾಲ. ಅಗ್ರಹಾರದ ಅರಮನೆ ನೌಕರರ ಮನೆಗೆ ಸೊಸೆಯಾಗಿ ಬಂದಿದ್ದ ಅಂಬುಜಾಳಿಗೆ ಸೊಂಟದ ಮೇಲೆ, ಉಂಗುರದ ಹಾಗೆ ಅಂಚು ಉಬ್ಬಿ ತುರಿಸುವ ಗಜಕರ್ಣ ಎದ್ದಿತು. ಏಳದೆ ಇನ್ನೇನು? ಬೆಳಗಾಗೆದ್ದು ತಣ್ಣೀರು ಮಿಂದು, ಹಿಂಡಿದ ಒದ್ದೆ ಸೀರೆಯನ್ನೇ ಉಟ್ಟು ಮಡಿಯಲ್ಲಿ ಅಡಿಗೆ ಮಾಡಬೇಕು; ಅದು ಮೈಮೇಲೆಯೇ ಒಣಗಬೇಕು. ಸೊಂಟದ ಪಾಡು ಯಾರಿಗೆ ಬೇಕು!

ಅತ್ತೆ ಪಾರ್ವತಮ್ಮ ಕಂಡದ್ದೇ ತಡ, ಸೊಸೆಯನ್ನು ಹಿತ್ತಿಲ ಕೋಣೆಗೆ ಹಾಕಿದರು. ಮೊಲೆ ಕುಡಿಯುತ್ತಿದ್ದ ಕೂಸನ್ನು ಕಿತ್ತುಕೊಂಡು, "ವಾಸಿಯಾಗೋವರೆಗೂ ಮಗೂನ ಮುಟ್ಟಕೂಡದು ಕಣೇ" ಅಂದರು.

ತಗಚೆ ಬೀಜ ನಿಂಬೆರಸದಲ್ಲಿ ಅರೆದು ಹಚ್ಚಿದಳು. ಉರಿಯೋ ಉರಿ! ತುರಿಕೆ ನಿಂತಿತು. ಅಬ್ಬಾ, ಗೆದ್ದೆ ಅಂದುಕೊಂಡು ಔಷಧ ಬಿಟ್ಟಳು; ವಾಸಿಯಾಯ್ತು ಅಂತ ಅತ್ತೆಗೆ ಹೇಳಿ ಹೊರಗೆ ಬಂದಳು. ಮತ್ತೆ ಒದ್ದೆ ಸೀರೆ, ಮತ್ತೆ ಒಲೆ. ಹಾಳಾದ್ದು ಮರಳಿ ಬಂತು. ಸುಳ್ಳಿ ಅನ್ನೋ ಬಿರುದು ಹೊತ್ತು ಅದೇ ಕೋಣೆಗೆ ಹೋದಳು.

ಹೆರಿಗೆ ಮಾಡಿಸಿದ್ದ ನರ್ಸು ಕ್ಯಾಥರೀನ್ ಹಿತ್ತಿಲ ಕಡೆಯಿಂದ ಬಂದು ನೋಡಿದಳು. "ತುರಿಕೆ ನಿಂತ ಮಾತ್ರಕ್ಕೆ ವಾಸಿ ಅಲ್ಲಮ್ಮ. ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಉಬ್ಬು, ಹೊಟ್ಟು ಏನೂ ಸಿಗಬಾರದು. ಆಮೇಲೂ ಸ್ವಲ್ಪ ದಿನ ಹಚ್ಚಿ, ಒಣಗಿದ ಬಟ್ಟೆ ಉಡಿ. ಕಪ್ಪು ಕಲೆ ಇದ್ದರೆ ಇರಲಿ, ಅದು ರೋಗ ಅಲ್ಲ" ಅಂದಳು.

ಅಂಬುಜಾ ಹಾಗೇ ಮಾಡಿದಳು. ಬೇಸಿಗೆ ಕಳೆಯಿತು. ಒಂದು ದಿನ ಬೆರಳಾಡಿಸಿದರೆ ಅಂಚು ಎಲ್ಲಿತ್ತು ಅಂತಲೇ ತಿಳಿಯಲಿಲ್ಲ. ಸಂತೋಷಕ್ಕೆ ಅತ್ತೇಬಿಟ್ಟಳು.

ಅತ್ತೆ ಹೊಸಿಲಾಚೆಯಿಂದಲೇ ಇಣುಕಿದರು. "ಕಪ್ಪಗೇ ಇದೆಯಲ್ಲೇ!"

"ಬರೀ ಕಲೆ, ಅತ್ತೆ. ಮುಟ್ಟಿ ನೋಡಿ, ನುಣ್ಣಗಿದೆ."

"ಶಿವ ಶಿವಾ! ನಾನು ಮಡೀಲಿದೀನಿ."

ಗಂಡ ಸುಂದರೇಶ ಬಂದ, ಕೈ ಚಾಚಿದ. ಅಮ್ಮ ಕೆಮ್ಮಿದರು. ಕೈ ಹಿಂದಕ್ಕೆ ಹೋಯಿತು. ಗಂಡಸಂತೆ ಗಂಡಸು! ಮುಟ್ಟದೆ ಇವರಿಗೆ ಗೊತ್ತಾಗೋದು ಹೇಗೆ, ಗೊತ್ತಾಗದೆ ಮುಟ್ಟೋರು ಯಾರು? ಅಂಬುಜಾ ಒಳಗೆ ಹೋಗಿ ಕೂತಳು. ದಿನಾ ಅಂಬೆಗಾಲಿಟ್ಟು ಬಾಗಿಲ ಹತ್ತಿರ ಬರುವ ಮಗುವನ್ನು ತಾನೇ ಗದರಿ ಅಟ್ಟುವುದೂ ಅವಳಿಗೆ ಅಭ್ಯಾಸವಾಯಿತು. ಅಟ್ಟದಿದ್ದರೆ ಅತ್ತೆ ಬಾಗಿಲು ಹಾಕಿಬಿಡುತ್ತಿದ್ದರು; ದೂರದಿಂದ ನೋಡುವುದೂ ತಪ್ಪುತ್ತಿತ್ತು.

ಕಲೆ ಮಾಸುವಷ್ಟರಲ್ಲಿ ಚಳಿಗಾಲ ಬಂತು. ಒಂದು ಬೆಳಗ್ಗೆ ಅತ್ತೆ, "ಹೋಗ್ಲಿ, ಈಗ ಎತ್ಕೊಳ್ಳೇ" ಅಂತ ಮಗುವನ್ನು ಹೊಸಿಲಲ್ಲಿ ಬಿಟ್ಟರು. ನಡೆಯಲು ಕಲಿತಿದ್ದ ಕೂಸು ನಗುತ್ತ, ಎರಡೂ ಕೈ ಚಾಚಿಕೊಂಡು ಬಂತು.

ಅಂಬುಜಾ ಗೋಡೆಗೆ ಒತ್ತಿಕೊಂಡು, ಕೈಗಳನ್ನು ಸೆರಗಿನೊಳಗೆ ಹುದುಗಿಸಿ, "ಬೇಡ ಕಂದಾ, ಮುಟ್ಬೇಡ" ಅಂದಳು.