ಊಜಿ ನೊಣ ಮತ್ತು ನನ್ನ ಎರಡನೇ ದಿನ

ನಂದಿಗುಡಿಯ ನಮ್ಮ ಹುಳುಮನೆಯಲ್ಲಿ ರೇಷ್ಮೆಹುಳುಗಳು ಗೂಡು ಕಟ್ಟುವ ಮೊದಲೇ ಸಾಯತೊಡಗಿದಾಗ ದೊಡ್ಡವ್ವ ನೇರವಾಗಿ ನನ್ನತ್ತ ಕೈ ತೋರಿಸಿದಳು.

"ಮುಟ್ಟಾದಾಗ ಒಳಗ ಹೋಗಬ್ಯಾಡ ಅಂದಿದ್ದೆ. ಈಗ ನೋಡು ಹೆಂಗಾತು."

ಹೋಗಿದ್ದು ನಿಜ. ಅವ್ವನಿಗೆ ಜ್ವರ ಬಂದಿತ್ತು, ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಬೇರೆ ಯಾರೂ ಇರಲಿಲ್ಲ.

ನಾನಾಗ ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಸಾಯುತ್ತಿದ್ದ ಹುಳುಗಳ ಮೈಮೇಲೆ ಕಪ್ಪು ಚುಕ್ಕೆಗಳಿದ್ದವು. ಅಂಥ ಕೆಲವನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ವಿನೋಬನಗರದ ನನ್ನ ಬಾಡಿಗೆ ಕೋಣೆಗೆ ಒಯ್ದೆ. ಹುಳುಗಳ ಮೈ ಕೊರೆದುಕೊಂಡು ಬಿಳಿ ಮರಿಗಳು ಹೊರಬಂದವು. ದಿನಗಳು ಕಳೆದ ಮೇಲೆ ಅವು ಬೂದು ಬಣ್ಣದ ನೊಣಗಳಾದವು. ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಟ್ಟು, ಮರಿಗಳನ್ನು ಅದರೊಳಗೇ ಮೇಯಲು ಬಿಡುವ ಊಜಿ ನೊಣ.

"ಸರ್, ಇದರ ಸರಿಯಾದ ಹೆಸರು ಏನ್ರಿ?" ಎಂದು ನಮ್ಮ ಉಪನ್ಯಾಸಕರನ್ನು ಕೇಳಿದೆ. ಅವರು ಮೂರು ಪುಸ್ತಕ ತೆಗೆದರು. ಒಂದರಲ್ಲಿ ಎಕ್ಸೊರಿಸ್ಟಾ ಸಾರ್ಬಿಲ್ಲನ್ಸ್, ಇನ್ನೊಂದರಲ್ಲಿ ಎಕ್ಸೊರಿಸ್ಟಾ ಬಾಂಬಿಸಿಸ್, ಹಳೆಯದರಲ್ಲಿ ಟ್ರೈಕೊಲೈಗಾ.

"ಎರಡು ಜಾತೀನೂ ಒಂದೇ ಅಂತ ತಿಳ್ಕೊಂಡು ಬರ್ದೋರು ಅದಾರೆ. ನಮ್ಮ ಕಡೇದು ಬಾಂಬಿಸಿಸ್ ಅಂತಾರೆ ಈಗ," ಎಂದರು.

ನೊಣಗಳಿದ್ದ ಬಾಟಲಿ ಹಿಡಿದು ಊರಿಗೆ ಬಂದು ಇದನ್ನೆಲ್ಲ ಹೇಳಿದರೆ ದೊಡ್ಡವ್ವ ನಕ್ಕಳು. "ಓದಿದೋರಿಗೇ ಅದರ ಹೆಸರು ಗೊತ್ತಿಲ್ಲ. ಕೊಂದಿದ್ದು ಅದೇ ಅಂತ ನಿಂಗೆ ಹೆಂಗ ಗೊತ್ತಾತು?"

ನನಗೆ ಮೈಯೆಲ್ಲ ಉರಿಯಿತು. "ಅವರ ಜಗಳ ಇರೋದು ಹೆಸರಿನ ಮ್ಯಾಲೆ. ಹುಳದ ಹೊಟ್ಟೆಯಿಂದ ಇದು ಬಂದಿದ್ದು ನಾನೇ ಕಣ್ಣಾರೆ ನೋಡೀನಿ. ನನ್ನ ಮುಟ್ಟಿನ ಸುದ್ದಿ ಯಾವ ಪುಸ್ತಕದಾಗೂ ಇಲ್ಲ!"

ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಒಳಗ ಬರದಂಗ ಏನು ಮಾಡ್ಬೇಕು?" ಎಂದಷ್ಟೇ ಕೇಳಿದಳು. ಕಿಟಕಿ, ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟಿದೆವು.

ಮುಂದಿನ ರೇಷ್ಮೆ ಬೆಳೆಗೆ ನಾನು ಸೊಪ್ಪಿನ ಬುಟ್ಟಿ ಹೊತ್ತು ಬಂದಾಗ ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು.

"ಇವತ್ತು ನಂದು ಎರಡನೇ ದಿನ," ಎಂದೆ, ಅಕ್ಕಪಕ್ಕದವರಿಗೂ ಕೇಳುವಂತೆ. "ದಾರಿ ಬಿಡು."

ಒಳಗಿನಿಂದ ಅವ್ವನ ದನಿ ಬಂತು. "ಬಾ ಒಳಗ. ಲಗೂನ ಪರದೆ ಎಳಿ, ನೊಣ ಬಂದೀತು."

ದೊಡ್ಡವ್ವ ಸರಿದು ನಿಂತಳು.

ಆ ಸಲ ಗೂಡುಗಳು ಗಟ್ಟಿಯಾಗಿ ಬಂದವು. ಕೆಲವಕ್ಕೆ ಮಾತ್ರ ಊಜಿ ಮರಿ ಕೊರೆದ ತೂತುಗಳಿದ್ದವು. ದೊಡ್ಡವ್ವ ಅವನ್ನೇ ಆರಿಸಿ, ನಿನ್ನಿಂದಲೇ ಇದು ಅನ್ನುವಂತೆ ನನ್ನ ಮುಂದೆ ಸುರಿದಳು. ನಾನು ಪರದೆಯ ಹರಿದ ಮೂಲೆ ತೋರಿಸಿದೆ. ಅವ್ವ ಸೂಜಿ ದಾರ ತಂದಳು.