ಹಾಲಿಗೆ ಸೇರದ ತೆನೆ

ಮೂಡಿಗೆರೆ ಪೇಟೆ ಮುಗಿಯುವಲ್ಲಿರುವ ಚರ್ಚಿನಲ್ಲಿ ಇವತ್ತು ಮರಿಯಮ್ಮನ ತೆನೆಹಬ್ಬ. ಕಳಸದ ಬಸ್ಸಿಗೆ ಇನ್ನೂ ಹೊತ್ತಿತ್ತು, ಹಾಗಾಗಿ ಅಂಗಳಕ್ಕೆ ಹೋದೆ. ಪೂಜೆ ಮುಗಿದಿತ್ತು. ಲಿಲ್ಲಿಬಾಯಿ ಎಂಬ ಹಿರಿಯರು ಬುಟ್ಟಿ ಹಿಡಿದು ಮನೆಗೊಂದರಂತೆ ಭತ್ತದ ತೆನೆ ಹಂಚುತ್ತಿದ್ದರು. ನನಗೂ ಒಂದು ಕೊಟ್ಟರು. ತೆನೆ ಕೈಗೆ ಸಿಕ್ಕರೆ ಕಾಳು ಸುಲಿದು ತಿನ್ನುವುದು ನನ್ನ ಚಾಳಿ. ಅವರೊಡನೆ ಮಾತಾಡುತ್ತಲೇ ಅದನ್ನೂ ತಿಂದು ಮುಗಿಸಿದೆ.

ಅಷ್ಟರಲ್ಲಿ ಎಸ್ಟೇಟಿನ ಜೀಪಿನಿಂದ ಇಳಿದ ಹೆಂಗಸೊಬ್ಬಳು ಓಡಿಬಂದಳು. ಬುಟ್ಟಿ ಖಾಲಿಯಾಗಿತ್ತು.

"ಇಷ್ಟೊತ್ತಿಗೆ ಬರೋದಾ ಸೆಲಿನಾ?" ಎಂದರು ಲಿಲ್ಲಿಬಾಯಿ. "ಇಲ್ಲಿ ಗದ್ದೆ ಎಲ್ಲಿದೆ ಮಾರಾಯ್ತಿ, ಎಲ್ಲಾ ಕಾಫಿ. ಸಂಸೆಯಿಂದ ತರಿಸಿದ್ದೇ ಇಷ್ಟು."

"ಅತ್ತೆ ಹಾಲು ಕಾಯಿಸಿ ಕೂತಿದ್ದಾರೆ. ಹಾಲಿಗೆ ಹೊಸ ಕಾಳು ಬೀಳದೆ ಅವ್ರು ಊಟ ಮುಟ್ಟೋದಿಲ್ಲ." ಸೆಲಿನಾ ನನ್ನತ್ತ ತಿರುಗಿದಳು. "ಅಕ್ಕಾ, ನಿಮ್ಮದ್ರಲ್ಲಿ ನಾಲ್ಕು ಕಾಳು ಕೊಡ್ತೀರಾ?"

ಮುಚ್ಚಿಕೊಂಡಿದ್ದ ಅಂಗೈ ಬಿಡಿಸಿದೆ. ಬರೀ ಹೊಟ್ಟು.

ಲಿಲ್ಲಿಬಾಯಿ ತಮ್ಮ ಮನೆಗೆಂದು ಎತ್ತಿಟ್ಟಿದ್ದ ತೆನೆಯನ್ನು ಮುರಿದು ಅರ್ಧ ಕೊಟ್ಟರು. ಸೆಲಿನಾ ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟವಳು, ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದ್ದು ನನಗೂ ಕೇಳಿಸಿತು.

"ಪಾಪ, ಹಸಿದಿದ್ರೋ ಏನೋ. ಊಟ ಮಾಡಿಸಿಯೇ ಕಳಿಸಿ."