ಮುಟ್ಟಿ ಹೇಳುವ ಚಿಕ್ಕಸ್ವಾಮಿ

ನಂಜನಗೂಡಿನಿಂದ ಊಟಿಯ ಕಡೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡಿಗೆ ಬೋರ್ಡಿಲ್ಲ. ಮೂವತ್ತೊಂದು ವರ್ಷದಿಂದ ಇಲ್ಲ. ಗಾಡಿಗಳ ವೈರಿಂಗ್ ಕೆಲಸ ಮಾಡುವ ಹೆಮ್ಮಿಗೆಯ ಚಿಕ್ಕಸ್ವಾಮಿಗೆ ಅದು ಬೇಕಾಗಿಯೂ ಇರಲಿಲ್ಲ. ಲಾರಿಯವರೇ ಒಬ್ಬರಿಗೊಬ್ಬರು ಹೇಳುತ್ತಿದ್ದರು: "ಮುಟ್ಟಿ ಹೇಳೋ ಚಿಕ್ಕಸ್ವಾಮಿ ತಾವ ಓಗು."

ಮುಟ್ಟಿ ಹೇಳುವುದೆಂದರೆ ಮಾಟಮಂತ್ರವೇನಲ್ಲ. ಎರಡು ವೈರು ಕೂಡಿದ ಜಾಯಿಂಟ್ ಸಡಿಲವಿದ್ದರೆ ಕರೆಂಟು ಅಲ್ಲಿ ತಿಣುಕಾಡುತ್ತದೆ, ತಿಣುಕಾಡಿದ ಕಡೆ ಬಿಸಿಯಾಗುತ್ತದೆ. ಚಿಕ್ಕಸ್ವಾಮಿ ಲೈಟುಗಳನ್ನೆಲ್ಲ ಕಾಲು ಗಂಟೆ ಉರಿಯಬಿಟ್ಟು, ಬೀಡಿ ಸೇದಿ ಬಂದು, ಒಂದೊಂದೇ ಜಾಯಿಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯುತ್ತಿದ್ದ. ದೋಷ ಎಲ್ಲಿದೆಯೆಂದು ಬೆರಳು ಹೇಳುತ್ತಿತ್ತು. ಕರೆಂಟು ಅಳೆಯುವ ಮೀಟರು ಹಿಡಿದು ಓಡಾಡುವವರನ್ನು ಕಂಡರೆ ಅವನಿಗೆ ನಗು. "ನನ್ನ ಮೀಟ್ರಿಗೆ ಸೆಲ್ಲು ಬ್ಯಾಡ ಕಣ್ಲಾ" ಎಂದು ಬೆರಳು ಕುಣಿಸುತ್ತಿದ್ದ. ಜಂಬ ಸ್ವಲ್ಪ ಜಾಸ್ತಿಯೇ, ಆದರೆ ಕೆಲಸ ಬಲ್ಲವನ ಜಂಬವನ್ನು ಜನ ಸಹಿಸಿಕೊಳ್ಳುತ್ತಾರೆ.

ಹೋದ ವರ್ಷದಿಂದ ಆ ಬೆರಳು ಮಾತು ಬಿಟ್ಟಿತ್ತು. ಸಕ್ಕರೆ ಕಾಯಿಲೆ ಮೊದಲು ಪಾದದಿಂದ ಶುರು ಮಾಡಿತು. ಒಂದು ದಿನ ಮನೆಗೆ ಬಂದಾಗ ಒಂದು ಕಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ, ಎಲ್ಲಿ ಬಿತ್ತೋ ಅವನಿಗೆ ತಿಳಿದಿರಲಿಲ್ಲ. ಹೆಂಡತಿ ನಾಗರತ್ನ, "ಕಾಲು ಜೋಮು ಇಡಿದದಾ?" ಎಂದು ಕೇಳಿದ್ದಕ್ಕೆ, "ನಿಂಗ್ಯಾಕೆ ಅದೆಲ್ಲ, ಉಣ್ಣಕ್ಕಿಕ್ಕು" ಎಂದು ರೇಗಿದ. ಆಮೇಲೆ ಜೋಮು ಬೆರಳಿಗೂ ಬಂತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಬಲ್ಬು ಬದಲಾಯಿಸುವುದು, ಹಾರ್ನ್ ಕೂರಿಸುವುದು, ಕಣ್ಣಿಗೆ ಕಾಣುವ ಕೆಲಸಗಳನ್ನಷ್ಟೇ ಒಪ್ಪಿಕೊಂಡು ದಿನ ತಳ್ಳುತ್ತಿದ್ದ.

ಇಂಥ ಹೊತ್ತಿನಲ್ಲಿ ಚಿಕ್ಕಯ್ಯನಛತ್ರದ ನಯನ ತನ್ನ ವ್ಯಾನು ತಂದು ನಿಲ್ಲಿಸಿದಳು. ಶಾಲೆಯ ಮಕ್ಕಳನ್ನು ಹೊತ್ತು ಹಣ್ಣಾಗಿದ್ದ ಗಾಡಿಯನ್ನು ಕೊಂಡು, ಅವಳೂ ಗಂಡ ರುದ್ರೇಶನೂ ಎಂಟು ತಿಂಗಳು ಹೆಣಗಾಡಿ ಅದನ್ನು ಮನೆಯಂತೆ ಮಾಡಿಕೊಂಡಿದ್ದರು. ಒಳಗೆ ಮಂಚ, ಒಲೆ, ಕಪಾಟು, ಗೋಡೆಗೆಲ್ಲ ಪ್ಲೈವುಡ್ಡು. ಮಗಳು ಅರ್ಪಿತಾಗೆ ಹಿಂಬದಿಯಲ್ಲಿ ಪುಟ್ಟ ಮಂಚ. ಚಾವಣಿಯ ಅಂಚಿನುದ್ದಕ್ಕೂ ಎಲ್ಇಡಿ ಸ್ಟ್ರಿಪ್ ಹಾಕಿಕೊಡಬೇಕಿತ್ತು.

"ಬೇರೆಯವರ ಹತ್ರ ಹೋಗ್ಬೇಡ ಅಂದ್ರು ಮಾವ" ಎಂದಳು ನಯನ. ಅವಳ ಮಾವ ಬಸವಯ್ಯನ ಬೆಲ್ಲದ ಲಾರಿ ಹಿಂದೊಮ್ಮೆ ಸುರಿವ ಮಳೆಯಲ್ಲಿ ಕೆಟ್ಟು ನಿಂತಾಗ, ಕತ್ತಲಲ್ಲಿ ಕೈಯಾಡಿಸಿಯೇ ಸರಿಮಾಡಿದವನು ಚಿಕ್ಕಸ್ವಾಮಿ. ಆ ಮಾತು ಕೇಳಿದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಈ ಗಾಡಿಯೊಂದು ಸರಿಹೋದರೆ ಕೈ ಇನ್ನೂ ಸತ್ತಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಬಹುದಲ್ಲ ಎಂಬ ಆಸೆ ಬೇರೆ. ಎರಡು ದಿನ ಕೂತು ಹನ್ನೊಂದು ಜಾಯಿಂಟ್ ಹಾಕಿ, ಎಲ್ಲಕ್ಕೂ ತಾನೇ ಟೇಪು ಸುತ್ತಿ ಕಳಿಸಿದ.

ನಾಲ್ಕನೆಯ ದಿನ ವ್ಯಾನು ವಾಪಸು ಬಂತು. ಮುಂದಿನ ಅರ್ಧ ಹಾಲಿನಂತೆ ಬೆಳಗುತ್ತಿತ್ತು. ಹಿಂದಿನ ಅರ್ಧ ಮಂಕಾಗಿ, ಒಮ್ಮೊಮ್ಮೆ ಮಿಣುಕುತ್ತಿತ್ತು.

"ನಾಳೆ ಬೆಳಿಗ್ಗೆ ವಯನಾಡಿನ ಕಡೆ ಹೊರಡ್ತಾ ಇದೀವಿ ಚಿಕ್ಕಸ್ವಾಮಣ್ಣ. ಮೊದಲನೇ ಸಲ" ಎಂದಳು ನಯನ. "ಅರ್ಪಿತಾ ಬಟ್ಟೆ ಎಲ್ಲ ಜೋಡಿಸಿಟ್ಕೊಂಡು ಕೂತವಳೆ."

"ಅರ್ಧ ಗಂಟೆ ಕೆಲ್ಸ ಕಣವ್ವ" ಎಂದ ಚಿಕ್ಕಸ್ವಾಮಿ.

ಸ್ಟ್ರಿಪ್ ಬಿಚ್ಚಿ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದ. ಮುಂದೆ ಉರಿಯಿತು, ನಡುವೆ ಉರಿಯಿತು, ಹಿಂದೆಯೂ ಉರಿಯಿತು. ಅಷ್ಟು ಚಿಕ್ಕ ಬಲ್ಬಿಗೆ ಸಡಿಲ ಜಾಯಿಂಟೂ ಸಾಕಾಗುತ್ತದೆ, ಪೂರ್ತಿ ಸ್ಟ್ರಿಪ್ಪಿನ ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಪಂಕ್ಚರ್ ಅಂಗಡಿಯ ಮದನನ ಹತ್ತಿರ ಮೀಟರು ಇತ್ತು, ಕೂಗಿದರೆ ತಂದುಕೊಡುತ್ತಿದ್ದ. ಕೂಗಲಿಲ್ಲ. ಮೂವತ್ತೊಂದು ವರ್ಷ ಆಡಿಕೊಂಡು ನಕ್ಕ ಸಾಮಾನನ್ನು ಕೈಯೊಡ್ಡಿ ಕೇಳುವುದು ಹೇಗೆ?

ಸ್ಟ್ರಿಪ್ ಮತ್ತೆ ಜೋಡಿಸಿ, ಕಾಲು ಗಂಟೆ ಉರಿಯಬಿಟ್ಟ. ಬೀಡಿ ಸೇದಲಿಲ್ಲ. ಪ್ಲೈವುಡ್ಡಿನ ಹಲಗೆಗಳನ್ನು ಬಿಚ್ಚಿ ಒಂದೊಂದೇ ಜಾಯಿಂಟನ್ನು ಹಿಡಿಯುತ್ತ ಬಂದ. ಒಂದು, ಎರಡು, ಮೂರು. ಎಲ್ಲವೂ ಒಂದೇ ಥರ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಏನೂ ಅಲ್ಲ. ಅರ್ಪಿತಾಳ ಮಂಚದ ತಲೆಯ ಬಳಿಯ ಒಂಬತ್ತನೆಯ ಜಾಯಿಂಟನ್ನು ಬೇಕೆಂದೇ ತುಂಬ ಹೊತ್ತು ಹಿಡಿದ. ಏನಾದರೂ ಹೇಳು ಎಂದು ಬೆರಳನ್ನು ಒಳಗೊಳಗೇ ಬೇಡಿಕೊಂಡ.

"ಜಾಯಿಂಟೆಲ್ಲ ಸರಿಯಾಗವೆ" ಎಂದ ಕೊನೆಗೆ. "ಸ್ಟ್ರಿಪ್ಪೇ ಡೂಪ್ಲಿಕೇಟಿರಬೇಕು. ಉರಿಯೋಗಂಟ ಉರೀಲಿ ಬುಡವ್ವ. ಅಲಗೆ ಮುಚ್ಬುಡ್ತೀನಿ."

ನಯನ ಮೂಗು ಎಳೆದಳು. "ಏನೋ ಸುಟ್ಟ ವಾಸನೆ ಬರ್ತಾ ಇಲ್ವಾ?"

"ಒಸ ಟೇಪು. ಮೊದಮೊದಲು ಅಂಗೇಯ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಹಲಗೆ ಮುಚ್ಚಲು ಸ್ಕ್ರೂ ಡ್ರೈವರ್ ಎತ್ತಿಕೊಂಡ. ಅಷ್ಟರಲ್ಲಿ ನಯನ ಮಗಳ ಮಂಚದ ಮೇಲೆ ಮೊಣಕಾಲೂರಿ, ಅವನು ಹಿಡಿದಿದ್ದ ಜಾಗಕ್ಕೆ ತಾನೂ ಕೈ ಹಾಕಿದಳು.

"ಅಮ್ಮಾ!" ಎಂದು ಕೈ ಕಿತ್ತುಕೊಂಡಳು. "ಕೆಂಡ ಆಗಿದೆ ಚಿಕ್ಕಸ್ವಾಮಣ್ಣ! ನೀವು ಇದನ್ನ ಹಿಡ್ಕೊಂಡೇ ಇದ್ರಲ್ಲಾ?"

ಅವನು ತನ್ನ ಬೆರಳು ನೋಡಿಕೊಂಡ. ತುದಿ ಬೆಳ್ಳಗಾಗಿ ಬೊಬ್ಬೆ ಎದ್ದಿತ್ತು. ಟೇಪಿನ ಕಪ್ಪು ಅಂಟು ಚರ್ಮಕ್ಕೆ ಮೆತ್ತಿಕೊಂಡಿತ್ತು. ನಯನಳೂ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

"ಸ್ವಿಚ್ಚು ಆರ್ಸವ್ವ" ಎಂದ ಚಿಕ್ಕಸ್ವಾಮಿ.

ಟೇಪು ಬಿಚ್ಚಿದಾಗ ವೈರಿನ ಎಳೆಗಳು ಹೆಣೆದುಕೊಂಡೇ ಇರಲಿಲ್ಲ, ಸುಮ್ಮನೆ ಒಂದಕ್ಕೊಂದು ಒರಗಿ ನಿಂತಿದ್ದವು. ಬಿಗಿಯಾಗಿ ಸುತ್ತಿದ್ದೇನೆಂದು ಅವನು ನಂಬಿದ್ದ ಜಾಯಿಂಟ್ ಅದು. ಪ್ಲೈವುಡ್ಡಿನ ಮೇಲೆ ಒಂದು ರೂಪಾಯಿ ಅಗಲದ ಕಂದು ಕಲೆ. ಅದರ ಕೆಳಗೆ ಹೂವಿನ ಚಿತ್ರದ ಪುಟ್ಟ ದಿಂಬು. ಅವನು ಮಂಚದ ಅಂಚಿನಲ್ಲಿ ಕೂತುಬಿಟ್ಟ.

"ಕೈಯಿ ಸತ್ತೋಗದೆ ಕಣವ್ವ" ಎಂದ. "ನಿಮ್ಮಾವ್ರು ಯೋಳಿದ್ದು ಸುಳ್ಳಲ್ಲ. ಆ ಕೈಯಿ ಬ್ಯಾರೆ."

ಕೆಲಸವನ್ನೇನೋ ಮುಗಿಸಿದ. ಮದನನ ಮೀಟರು ತರಿಸಿ, ಹನ್ನೊಂದನ್ನೂ ಕಿತ್ತು, ಇಕ್ಕಳದಲ್ಲಿ ಬಿಗಿದು, ಬೆಸುಗೆ ಹಾಕಿದ. ಕಾಲು ಗಂಟೆಯ ನಂತರ ನಯನಳೇ ಒಂದೊಂದನ್ನೂ ಮುಟ್ಟಿ, "ತಣ್ಣಗಿದೆ, ಇದೂ ತಣ್ಣಗಿದೆ" ಎಂದು ಹೇಳುತ್ತ ಹೋದಳು. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ವ್ಯಾನು ಒಳಗೆಲ್ಲ ಒಂದೇ ಸಮನೆ ಬೆಳಗಿತು.

ಹೊರಡುವಾಗ ನಯನ, "ಬಂದ್ಮೇಲೆ ಮಾವನ ಟ್ರಾಕ್ಟರ್ ತರ್ತೀವಿ ಅಣ್ಣ" ಎಂದಳು.

"ತರಬ್ಯಾಡಿ ಕಣವ್ವ" ಎಂದ.

ಸಾಮಾನಿನ ಪೆಟ್ಟಿಗೆಯನ್ನು ಮದನನ ಅಂಗಡಿಯಲ್ಲಿ ಇಟ್ಟು, ಹೊತ್ತು ಮುಳುಗುವ ಮೊದಲೇ ಮನೆ ಸೇರಿದ. ನಾಗರತ್ನ ಬೊಬ್ಬೆ ನೋಡಿ ಗಾಬರಿಯಾದಳು. ಕೈ ಹಿಡಿದು ಕೂರಿಸಿ, ಮುಲಾಮು ಸವರಿ, ಬೆರಳಿಗೆ ಮೆಲ್ಲಗೆ ಊದತೊಡಗಿದಳು.

"ಬಾಳ ಉರೀತದಾ?" ಎಂದು ಕೇಳಿದಳು.

ಚಿಕ್ಕಸ್ವಾಮಿ ತನ್ನ ಬೆರಳನ್ನು ನೋಡಿದ. ಉರಿದಿದ್ದರೆ ಎಷ್ಟು ಚೆನ್ನಾಗಿತ್ತು.

"ಇಲ್ಲ ಕಣೆ" ಎಂದ, ಒಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ನಿಜ ಹೇಳುತ್ತ. "ನೀನು ಊದ್ತಿರೋದೂ ಗೊತ್ತಾಯ್ತಿಲ್ಲ."

ನಾಗರತ್ನ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಮತ್ತೆ ಊದಿದಳು.